ಕಾರಿಗೆ ಹೆಚ್ಚುವರಿ ಮೀಟರು: ಮೆಕ್ಯಾನಿಕಲ್ಲೋ, ಎಲೆಕ್ಟ್ರಿಕಲ್ಲೋ?

ಕಾರಿನ ಜೊತೆಗೇ ಬರುವ ಮೀಟರುಗಳು ಎಂಜಿನ್ನಿನ ನಿಜಸ್ಥಿತಿಯನ್ನು ಪೂರ್ತಿಯಾಗಿ ಹೇಳುವುದಿಲ್ಲ. ಕೂಲೆಂಟಿನ ಉಷ್ಣತೆ 80 ಡಿಗ್ರಿ ಇರಲಿ, 100 ಡಿಗ್ರಿ ಇರಲಿ, ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಅನೇಕ ಕಾರುಗಳಲ್ಲಿ ತಯಾರಕರೇ ಮಾಡಿರುತ್ತಾರೆ. ಆಯಿಲ್ ಪ್ರೆಷರಿನ ಕೆಂಪು ದೀಪವಾದರೋ ಸಾಮಾನ್ಯವಾಗಿ ಒತ್ತಡ 0.3ರಿಂದ 0.5 ಬಾರ್‌ಗೆ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಇಳಿದ ಮೇಲಷ್ಟೇ ಹೊತ್ತಿಕೊಳ್ಳುತ್ತದೆ. 3000 ಆರ್‌ಪಿಎಂನಲ್ಲಿ ಘಾಟಿ ಏರುತ್ತಿರುವ ಎಂಜಿನ್ನಿನಲ್ಲಿ ಒಂದೇ ಬಾರ್ ಒತ್ತಡ ಉಳಿದಿದ್ದರೂ ಆ ದೀಪ ಸುಮ್ಮನಿರುತ್ತದೆ. ಒಳಗೆ ಬೇರಿಂಗುಗಳು ಸವೆಯುತ್ತಿರುತ್ತವೆ. ನಮ್ಮ 1.3 ಲೀಟರಿನ ಜಿಪ್ಸಿಗೆ ಪ್ರತ್ಯೇಕ ಆಯಿಲ್ ಪ್ರೆಷರ್ ಮೀಟರು ಬೇಕೆಂದು ನಾನು ನಿರ್ಧರಿಸಿದ್ದು ಈ ಕಾರಣಕ್ಕೆ.

ಮೆಕ್ಯಾನಿಕಲ್ ಮೀಟರಿನಲ್ಲಿ ಎಂಜಿನ್ನಿನ ಆಯಿಲ್ಲೇ ಸಣ್ಣ ನಳಿಕೆಯ ಮೂಲಕ ಡ್ಯಾಶ್‌ಬೋರ್ಡಿನವರೆಗೂ ಬರುತ್ತದೆ. ಬಾಗಿದ ಬೂರ್ಡನ್ ಕೊಳವೆ ಆ ಒತ್ತಡಕ್ಕೆ ಬಿಚ್ಚಿಕೊಳ್ಳುತ್ತಾ ಮುಳ್ಳನ್ನು ತಿರುಗಿಸುತ್ತದೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡನ್ ಪೇಟೆಂಟ್ ಪಡೆದ ಈ ತತ್ತ್ವಕ್ಕೆ ವಿದ್ಯುತ್ತು ಬೇಕಿಲ್ಲ, ಹಾಗಾಗಿ ವೈರಿಂಗ್ ಕೆಟ್ಟರೂ ಅದು ತೋರಿಸುವ ಲೆಕ್ಕ ಬದಲಾಗುವುದಿಲ್ಲ. ಆದರೆ ನಳಿಕೆ ಎಲ್ಲಾದರೂ ಉಜ್ಜಿ ತೂತಾದರೆ ಕುದಿಯುವಂಥ ಆಯಿಲ್ ಚಾಲಕನ ಕಾಲಿನ ಮೇಲೆಯೇ ಸುರಿಯುತ್ತದೆ. ದಿನನಿತ್ಯ ಮನೆಯವರು ಕೂರುವ ಗಾಡಿಗೆ ಇದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಎಲೆಕ್ಟ್ರಿಕಲ್ ಮೀಟರಿನಲ್ಲಿ ಆಯಿಲ್ ಎಂಜಿನ್ನಿನ ಬಳಿಯೇ ಉಳಿದು, ಒಳಗೆ ವೈರು ಮಾತ್ರ ಬರುತ್ತದೆ. ಇಲ್ಲಿ ಆಯ್ಕೆಯ ಕಷ್ಟವೆಲ್ಲ ಸೆಂಡರಿನದು, ಅಂದರೆ ಎಂಜಿನ್ನಿಗೆ ಕೂರಿಸಿ ಒತ್ತಡವನ್ನು ಅಳೆದು ವೈರಿನ ಮೂಲಕ ಮೀಟರಿಗೆ ತಿಳಿಸುವ ಬಿಡಿಭಾಗದ್ದು. ಒತ್ತಡಕ್ಕೆ ತಕ್ಕಂತೆ ಕೆಲವು ಸೆಂಡರುಗಳ ರೆಸಿಸ್ಟೆನ್ಸ್ 10ರಿಂದ 180 ಓಮ್‌ಗೆ ಏರುತ್ತದೆ, ಅಮೆರಿಕದ ಅನೇಕ ಸೆಂಡರುಗಳದು 240ರಿಂದ 33 ಓಮ್‌ಗೆ ಇಳಿಯುತ್ತದೆ. ಒಂದರ ಸೆಂಡರಿಗೆ ಇನ್ನೊಂದರ ಮೀಟರು ಜೋಡಿಸಿದರೆ ಮುಳ್ಳು ಆಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ಆದ್ದರಿಂದ ಎರಡನ್ನೂ ಒಂದೇ ತಯಾರಕರಿಂದ, ಜೋಡಿಯಾಗಿಯೇ ಕೊಳ್ಳಬೇಕು. ಮರೆಯೂ (ತಿರುಪಿನ ಸುರುಳಿ ಗೀರು, ಥ್ರೆಡ್) ಮುಖ್ಯ: ಜಪಾನಿ ಮೂಲದ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ ಎಂಬ ಬ್ರಿಟಿಷ್ ಅಳತೆಯ ಮರೆ ಇರುತ್ತದೆ, ಅಂಗಡಿಯಲ್ಲಿ ಸಿಗುವ ಸೆಂಡರು 1/8 ಎನ್‌ಪಿಟಿ ಎಂಬ ಅಮೆರಿಕನ್ ಅಳತೆಯದಾಗಿರಬಹುದು. ನೋಡಲು ಒಂದೇ ತೆರನಾದರೂ ಇವೆರಡರ ಮರೆ ಹೊಂದುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಹಾಳಾಗುತ್ತದೆ. ಒಂದೇ ಟರ್ಮಿನಲ್ಲಿನ ಸೆಂಡರು ಮರೆಯ ಮೂಲಕವೇ ಅರ್ಥ್ ಪಡೆಯುವುದರಿಂದ ಟೆಫ್ಲಾನ್ ಟೇಪನ್ನು ಹೆಚ್ಚು ಸುತ್ತಿದರೂ ಅಳತೆ ಕೆಡುತ್ತದೆ. ಭಾರವಾದ ಸೆಂಡರನ್ನು ಹಿತ್ತಾಳೆಯ ಟೀ (T ಆಕಾರದ, ಮೂರು ಬಾಯಿಯ) ಜೋಡಣೆಗೆ ನೇರವಾಗಿ ನೇತುಹಾಕಿದರೆ ಎಂಜಿನ್ನಿನ ಅದುರಾಟಕ್ಕೆ ಹಿತ್ತಾಳೆ ಬಿರುಕು ಬಿಡುವ ಅಪಾಯವಿದೆ. ಉಕ್ಕಿನ ಹೆಣಿಗೆಯ ಹೋಸಿನ ತುದಿಗೆ ಸೆಂಡರು ಕೂರಿಸಿ, ಅದನ್ನು ಗಾಡಿಯ ಮೈಗೆ ಬಿಗಿದು, ಬೇರೆ ಅರ್ಥ್ ವೈರು ಕೊಡುವುದು ಉತ್ತಮ. ಟೀಯ ಇನ್ನೊಂದು ಬಾಯಿಗೆ ಕೆಂಪು ದೀಪದ ಹಳೆಯ ಸ್ವಿಚ್ಚನ್ನು ಉಳಿಸಿಕೊಳ್ಳಿ, ಏಕೆಂದರೆ ಕೆಂಪು ದೀಪ ಕಣ್ಣಿಗೆ ಬೀಳುವಷ್ಟು ಬೇಗ ಮುಳ್ಳಿನ ಇಳಿತ ಕಣ್ಣಿಗೆ ಬೀಳುವುದಿಲ್ಲ.

ಟರ್ಬೊ ಡೀಸೆಲ್ ಗಾಡಿಯ ಬೂಸ್ಟ್ ಮೀಟರಿನ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ ತೋರಿಸುವ ಮೀಟರಿನ) ವಿಷಯದಲ್ಲಿ ನನ್ನ ನಿಲುವು ಬೇರೆ. ಅದರ ನಳಿಕೆಯಲ್ಲಿ ಬರುವುದು ಗಾಳಿ ಮಾತ್ರ, ಆದ್ದರಿಂದ ಅಗ್ಗವೂ ಸರಳವೂ ಆದ ಮೆಕ್ಯಾನಿಕಲ್ಲೇ ಸಾಕು. ಮೆಕ್ಯಾನಿಕಲ್ ಉಷ್ಣತಾ ಮೀಟರಿನ ಲೋಹದ ನಳಿಕೆಯನ್ನು ಕತ್ತರಿಸಿ ಗಿಡ್ಡ ಮಾಡುವಂತಿಲ್ಲ, ಒಳಗಿನ ದ್ರವ ಸೋರಿದರೆ ಮೀಟರು ಅಲ್ಲಿಗೆ ಮುಗಿಯಿತು. ಬ್ಯಾಟರಿಗೆ ಕರೆಂಟು ಅಳೆಯುವ ಆಮ್ಮೀಟರಿಗಿಂತ ವೋಲ್ಟ್‌ಮೀಟರು ಲೇಸು: ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇದ್ದರೆ ಸಾಮಾನ್ಯವಾಗಿ ಚಾರ್ಜಿಂಗ್ ಸರಿಯಿದೆ ಎಂದರ್ಥ, ಗಾಡಿಯ ಕರೆಂಟನ್ನೆಲ್ಲ ಡ್ಯಾಶ್‌ಬೋರ್ಡಿಗೆ ಎಳೆದು ತರಬೇಕಿಲ್ಲ.

ಒಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆಗೆಂದು ಇರುವ ಸಾಕೆಟ್ಟಿಗೆ) ಚುಚ್ಚುವ ಡಿಜಿಟಲ್ ಮೀಟರು ಹೊಸ ಕಾರುಗಳಲ್ಲಿ ಕೂಲೆಂಟಿನ ನಿಜವಾದ ಉಷ್ಣತೆಯನ್ನು ಒಂದು ವೈರನ್ನೂ ಕತ್ತರಿಸದೆ ತೋರಿಸುತ್ತದೆ. ಆದರೆ ಆಯಿಲ್ ಒತ್ತಡಕ್ಕೆ ಕೇವಲ ಸ್ವಿಚ್ ಇರುವ ಕಾರಿನಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೇ ಆ ಅಂಕಿ ತಿಳಿದಿರುವುದಿಲ್ಲ, ಅದು ತೋರಿಸುವುದಾದರೂ ಹೇಗೆ? ಹೀಗಾಗಿ ಜಿಪ್ಸಿಗೆ ನಾನು ಆರಿಸಿದ್ದು 52 ಮಿಲಿಮೀಟರ್ ವ್ಯಾಸದ ಎಲೆಕ್ಟ್ರಿಕಲ್ ಮೀಟರನ್ನು. ಅದರಲ್ಲೂ ಮುಳ್ಳು 90 ಡಿಗ್ರಿಯಷ್ಟೇ ತಿರುಗುವುದನ್ನು ಬಿಟ್ಟು, 270 ಡಿಗ್ರಿ ತಿರುಗುವ ಸ್ಟೆಪ್ಪರ್ ಮೋಟಾರಿನದನ್ನು (ಮುಳ್ಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗಿಸುವ ಮೋಟಾರು) ಕೊಂಡೆ. ಬೆಲೆ ಹೆಚ್ಚಾದರೂ ರಾತ್ರಿ ಶಿರಾಡಿ ಘಾಟಿಯಲ್ಲಿ ಅರ್ಧ ಬಾರ್‌ನ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ.