ಮನೆಯವರಿಗೆ ಮೊದಲ ಕ್ಯಾಮೆರಾ: ಬಾಡಿಯಲ್ಲಿ ಉಳಿಸಿ, ಲೆನ್ಸಿಗೆ ಹಾಕಿ

ಉಡುಗೊರೆ ಕೊಟ್ಟ ಕ್ಯಾಮೆರಾ ಸೋಲುವುದು ಹೆಚ್ಚಾಗಿ ಕೊಟ್ಟ ದಿನ ರಾತ್ರಿಯೇ. ಡಬ್ಬ ಬಿಚ್ಚಿ, ಬ್ಯಾಟರಿ ಹಾಕಿ, ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಮಗುವನ್ನೋ ಅತ್ತೆಯನ್ನೋ ಕೂರಿಸಿ ನಾಲ್ಕು ಫೋಟೊ ಹೊಡೆಯುತ್ತಾರೆ. ಮಗು ಅಲುಗಿ ಮಸುಕು, ಅತ್ತೆಯ ಮುಖದ ಮೇಲೆಲ್ಲ ರವೆ ಉದುರಿಸಿದಂತೆ ಕಾಳು. ಪಕ್ಕದಲ್ಲಿ ಇನ್ಯಾರೋ ಫೋನ್ ಎತ್ತಿ ತೆಗೆದದ್ದು ಚೆನ್ನಾಗಿ ಬಂದಿರುತ್ತದೆ. ಇಷ್ಟು ದುಡ್ಡು ಹಾಕಿದ್ದು ಇದಕ್ಕಾ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕ್ಯಾಮೆರಾ ಮಾತ್ರ ಸದ್ದಿಲ್ಲದೆ ಬೀರು ಸೇರುತ್ತದೆ.

ಇದರಲ್ಲಿ ತಪ್ಪು ಕ್ಯಾಮೆರಾದ್ದಲ್ಲ, ಜೊತೆಗೆ ಬಂದ ಲೆನ್ಸಿನದು. ಕಿಟ್ ಲೆನ್ಸ್ ಎಂದು ಕೊಡುವ 18-55 ಅಥವಾ 18-45 ಎಂಎಂ ಝೂಮನ್ನು ಮುಖದ ಫೋಟೊಗೆಂದು ಪೂರ್ತಿ ಎಳೆದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೂತು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು), ಎಫ್/5.6 ಅಥವಾ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಂದೇ ಟ್ಯೂಬ್‌ಲೈಟ್ ಇರುವ ಹಾಲ್‌ನಲ್ಲಿ ಐಎಸ್‌ಒ (ಬೆಳಕು ಹಿಡಿಯುವ ಸೆನ್ಸರಿನ ಸೂಕ್ಷ್ಮತೆ) 3200 ಇಟ್ಟರೂ ಎಫ್/5.6ರಲ್ಲಿ ಶಟರ್ ವೇಗ 1/30 ಸೆಕೆಂಡಿನ ಸುತ್ತ ಬಂದು ನಿಲ್ಲುತ್ತದೆ. ಕೂತಲ್ಲಿ ಕೂರದ ಮಗುವಿಗೆ ಕಡಿಮೆಯೆಂದರೂ 1/200 ಬೇಕು. ಅದೇ ಬೆಳಕು, ಅದೇ ಐಎಸ್‌ಒ ಇಟ್ಟುಕೊಂಡು ಎಫ್/1.8 ಲೆನ್ಸ್ ಹಾಕಿದರೆ 1/300ರ ಆಸುಪಾಸು ಸಿಗುತ್ತದೆ. ಲೆಕ್ಕ ಸುಲಭ: 5.6ನ್ನು 1.8ರಿಂದ ಭಾಗಿಸಿ ಬಂದದ್ದನ್ನು ಅದರಿಂದಲೇ ಗುಣಿಸಿ, ಸುಮಾರು 10 ಬರುತ್ತದೆ. ಒಳಗೆ ಬರುವ ಬೆಳಕು ಹತ್ತು ಪಟ್ಟು. ಫೋನಿನ ಮುಖ್ಯ ಲೆನ್ಸ್ ಎಫ್/1.8ರ ಹತ್ತಿರವೇ ಇರುತ್ತದೆ, ಮೇಲಾಗಿ ಅದು ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ಹಿಡಿದು ಒಟ್ಟು ಸೇರಿಸುತ್ತದೆ. ಕಿಟ್ ಲೆನ್ಸ್ ಒಂದನ್ನೇ ಕೊಟ್ಟು ಇದರ ಎದುರು ಗೆಲ್ಲು ಎಂದರೆ ಹೇಗೆ?

ಹಾಗಾಗಿ ಕೈಯಲ್ಲಿರುವ ದುಡ್ಡಿನ ಮುಕ್ಕಾಲು ಪಾಲಿನೊಳಗೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮತ್ತು ಕಿಟ್ ಲೆನ್ಸ್ ಮುಗಿಯಬೇಕು. ಉಳಿದ ಕಾಲು ಪಾಲು ಒಂದು ಪ್ರೈಮ್ ಲೆನ್ಸಿಗೆ, ಅಂದರೆ ಝೂಮ್ ಇಲ್ಲದ, ಅಪರ್ಚರ್ ದೊಡ್ಡದಾಗಿ ತೆರೆಯುವ ಲೆನ್ಸಿಗೆ, ಜೊತೆಗೆ ಕಾರ್ಡ್ ಮತ್ತು ಇನ್ನೊಂದು ಬ್ಯಾಟರಿಗೆ. ಆ ಲೆಕ್ಕಕ್ಕೆ ಹೊಸ ಬಾಡಿ ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ಬಾಡಿ ನೋಡಿ, ಪ್ರೈಮ್ ಮಾತ್ರ ಬಿಡಬೇಡಿ. ಹೊಸ ಬಾಡಿ, ಬರೀ ಕಿಟ್ ಲೆನ್ಸ್ ಎನ್ನುವ ಜೋಡಿಗಿಂತ ಹಳೇ ಬಾಡಿ, ಒಳ್ಳೆಯ ಲೆನ್ಸ್ ಎನ್ನುವ ಜೋಡಿಯೇ ಮೇಲು.

ಯಾವ ಪ್ರೈಮ್ ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಯವರು ಮೊದಲು ತೋರಿಸುವುದು 50 ಎಂಎಂ ಎಫ್/1.8, ಏಕೆಂದರೆ ಅದೇ ಅಗ್ಗ. ಆದರೆ ಆರಂಭಿಕ ಕ್ಯಾಮೆರಾಗಳೆಲ್ಲ ಹೆಚ್ಚುಕಡಿಮೆ ಎಪಿಎಸ್-ಸಿ ಸೆನ್ಸರಿನವು, ಅಂದರೆ ಹಳೇ 35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರಿನವು. ಅದಕ್ಕೆ ಹೋಲಿಸಿದರೆ ಕ್ಯಾನನ್‌ನಲ್ಲಿ 1.6 ಪಟ್ಟು, ನಿಕಾನ್ ಮತ್ತು ಸೋನಿಯಲ್ಲಿ 1.5 ಪಟ್ಟು ನೋಟ ಕಿರಿದಾಗುತ್ತದೆ. ಕ್ಯಾನನ್ ಮೇಲೆ 50 ಎಂಎಂ ಹಾಕಿ ಎರಡೂವರೆ ಮೀಟರ್ ದೂರ ನಿಂತರೆ ಅಡ್ಡಲಾಗಿ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ ಮಾತ್ರ ಕಾಣುತ್ತದೆ. ಹತ್ತಕ್ಕೆ ಹನ್ನೆರಡು ಅಡಿ ಕೋಣೆಯಲ್ಲಿ ಒಬ್ಬರ ಮುಖ, ಹೆಗಲಿಗೆ ಅದು ಸೊಗಸು. ಸೋಫಾ ಮೇಲೆ ಕೂತ ನಾಲ್ವರಿಗೆ ಗೋಡೆಗೆ ಬೆನ್ನು ತಾಗಿಸಿದರೂ ಸಾಲದು. ಮನೆಯೊಳಗಿನ ಫೋಟೊಗಳೇ ಹೆಚ್ಚು ಎನ್ನುವುದಾದರೆ 24ರಿಂದ 35 ಎಂಎಂ ನಡುವಿನದು ನೋಡಿ. ನಿಕಾನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾಗೆ) ಡಿಎಕ್ಸ್ 35 ಎಂಎಂ ಎಫ್/1.8ಜಿ, ಕನ್ನಡಿಯಿಲ್ಲದ ನಿಕಾನ್ ಝಡ್ ಕ್ಯಾಮೆರಾಗೆ ಡಿಎಕ್ಸ್ 24 ಎಂಎಂ ಎಫ್/1.7, ಸೋನಿಗೆ ಸಿಗ್ಮಾ 30 ಎಂಎಂ ಎಫ್/1.4, ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಬಿಸ್ಕತ್ತಿನಷ್ಟು ತೆಳ್ಳಗಿನ ಇಎಫ್-ಎಸ್ 24 ಎಂಎಂ ಎಫ್/2.8. ಕೊನೆಯದು 1.8ರಷ್ಟು ತೆರೆಯದಿದ್ದರೂ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಕೊಡುತ್ತದೆ.

ಒಂದು ಹಳೇ ಮೋಸ ಗೊತ್ತಿರಲಿ. ನಿಕಾನ್ ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅವಕ್ಕೆ “ಇದೂ 50 ಎಂಎಂ, ಬೆಲೆ ಕಮ್ಮಿ” ಎಂದು 50 ಎಂಎಂ ಎಫ್/1.8ಡಿ ಕೊಟ್ಟರೆ ಆಟೋಫೋಕಸ್ ಕೆಲಸ ಮಾಡುವುದೇ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರಬೇಕು.

ಮಾಡೆಲ್ ಹುಡುಕುವ ಮೊದಲು ಅವರ ಫೋನಿನ ಗ್ಯಾಲರಿ ನೋಡಿ, ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಕೊನೆಯ ಮುನ್ನೂರು ಫೋಟೊ ಸಾಕು. ರಂಗೋಲಿ, ಗಿಡ, ಹೂವು, ತಟ್ಟೆಯಲ್ಲಿನ ತಿಂಡಿ ತುಂಬಿದ್ದರೆ ಅಷ್ಟು ಚಿಂತೆಯಿಲ್ಲ: 18-55 ಕಿಟ್ ಲೆನ್ಸೇ ಸೆನ್ಸರಿನಿಂದ 25 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಹಿಡಿಯುತ್ತದೆ, ಹಗಲು ಬೆಳಕಿನಲ್ಲಿ ಚೆನ್ನಾಗಿಯೇ ತೆಗೆಯುತ್ತದೆ. ಬೆರಳಲ್ಲಿ ಎಳೆದೆಳೆದು ದೊಡ್ಡದು ಮಾಡಿ ತೆಗೆದ ಹಕ್ಕಿಗಳು ಸಾಲುಗಟ್ಟಿದ್ದರೆ ಪ್ರೈಮ್ ಪಕ್ಕಕ್ಕಿಟ್ಟು 55-250 ಅಥವಾ 70-300 ಝೂಮ್ ಬರುವ ಡಬಲ್ ಝೂಮ್ ಕಿಟ್ ತೆಗೆದುಕೊಳ್ಳಿ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳಿಗೆ ಹತ್ತಿರ ಹೋಗುವುದರಿಂದ 250 ಎಂಎಂನಲ್ಲೇ ಕೆಲಸ ನಡೆಯುತ್ತದೆ. ಕಬಿನಿ ಕಾಡಿನಲ್ಲಿ ದೂರದ ಚಿರತೆಗೆ ಅದು ಸಾಲದು, ಆ ಆಸೆ ಈ ಬಜೆಟ್ಟಿನಲ್ಲಿ ಬೇಡ. ಇನ್ನು 50 ಪಟ್ಟು, 60 ಪಟ್ಟು ಝೂಮ್ ಎಂದು ಮಾರುವ, ಲೆನ್ಸ್ ಬದಲಿಸಲಾಗದ ಬ್ರಿಡ್ಜ್ ಕ್ಯಾಮೆರಾಗಳ ಸೆನ್ಸರ್ ಹೆಚ್ಚಾಗಿ ಸುಮಾರು 6.2 × 4.6 ಎಂಎಂ. ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಅದರ ಹನ್ನೆರಡು ಪಟ್ಟಿನಷ್ಟು. ಬಿಸಿಲಲ್ಲಿ ಖುಷಿ ಕೊಡುತ್ತದೆ, ಸಂಜೆಯಾದರೆ ಫೋನಿಗೂ ಸೋಲುತ್ತದೆ.

ಬಾಡಿಗಳ ವಿಷಯಕ್ಕೆ ಬಂದರೆ, ಫೋನಿನ ತೆರೆ ಮುಟ್ಟಿ ಫೋಕಸ್ ಮಾಡಿ ರೂಢಿಯಾದವರಿಗೆ ಟಚ್ ಇಲ್ಲದ ಕ್ಯಾಮೆರಾ ಮೊದಲ ವಾರವೇ ಬೇಸರ ತರಿಸುತ್ತದೆ. ಕ್ಯಾನನ್ ಆರ್100 ಅಗ್ಗವಾಗಿ ಕಾಣಲು ಒಂದು ಕಾರಣ ಇದೇ: ತೆರೆ ಟಚ್ ಅಲ್ಲ, ತಿರುಗುವುದೂ ಇಲ್ಲ. ಕ್ಯಾನನ್‌ನದೇ 1500ಡಿಯದೂ ಅದೇ ಕಥೆ, ಜೊತೆಗೆ ತೆರೆ ನೋಡಿಕೊಂಡು ತೆಗೆದರೆ ಫೋಕಸ್ ನಿಧಾನ. ಕಿಂಡಿಗೆ ಕಣ್ಣಿಟ್ಟು ತೆಗೆಯುವವರಿಗಷ್ಟೇ ಅದು ಸರಿ. ಆರ್50 ಸ್ವಲ್ಪ ದುಬಾರಿಯಾದರೂ ಟಚ್ ಇದೆ, ತೆರೆ ಹೊರಳುತ್ತದೆ, ಕಣ್ಣು ಗುರುತಿಸಿ ಫೋಕಸ್ ಹಿಡಿಯುತ್ತದೆ, ಬ್ಯಾಟರಿ ಕಾರ್ಡ್ ಸೇರಿ 375 ಗ್ರಾಂ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ 2019ರಲ್ಲಿ ಬಂದ ಕ್ಯಾನನ್ 200ಡಿ ಮಾರ್ಕ್ 2 ನನ್ನ ಮೊದಲ ಆಯ್ಕೆ: ಸುಮಾರು 450 ಗ್ರಾಂ ತೂಕ, ಹೊರಳುವ ಟಚ್ ತೆರೆ, ಅಗ್ಗದ ಇಎಫ್ ಲೆನ್ಸ್‌ಗಳ ದೊಡ್ಡ ಸಂತೆ. ಅದರ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ನಡುವಿನ ಪಿನ್ ಇಲ್ಲ, ಆದ್ದರಿಂದ ಎಲ್ಲ ಕ್ಯಾಮೆರಾಗೂ ಆಗುವ ಅಗ್ಗದ ಫ್ಲ್ಯಾಶ್, ಟ್ರಿಗರ್‌ಗಳು ಅದರ ಮೇಲೆ ಉರಿಯುವುದಿಲ್ಲ. ಎಂ50ಯನ್ನು ಯಾರಾದರೂ ಕಡಿಮೆಗೆ ಕೊಟ್ಟರೂ ಬೇಡ. ಅದರ ಇಎಫ್-ಎಂ ಮೌಂಟನ್ನು (ಲೆನ್ಸ್ ಕೂರುವ ಬಾಯಿಯನ್ನು) ಕ್ಯಾನನ್ ನಿಲ್ಲಿಸಿಯಾಗಿದೆ, ಮುಂದೆ ಕೊಳ್ಳುವ ಆರ್ ಸರಣಿಯ ಬಾಡಿಯ ಮೇಲೆ ಆ ಲೆನ್ಸ್‌ಗಳು ಕೂರುವುದಿಲ್ಲ.

ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಎರಡೂ ವಿಡಿಯೊ ಮಾಡುವವರಿಗೆ ಹೇಳಿ ಮಾಡಿಸಿದಂತಿವೆ. ಆದರೆ ಎರಡರಲ್ಲೂ ವ್ಯೂಫೈಂಡರ್ (ಕಣ್ಣಿಡುವ ಕಿಂಡಿ) ಇಲ್ಲ, ಫ್ಲ್ಯಾಶೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹಂಪಿಯ ಬಂಡೆಗಳ ನಡುವೆ ನಿಂತು ತೆರೆ ನೋಡಲು ಪ್ರಯತ್ನಿಸಿದರೆ ಕಾಣುವುದು ತಮ್ಮದೇ ಮುಖ. ಚಿತ್ರ ತೆಗೆಯುವ ಆಸೆಯೇ ಮುಖ್ಯವಾದವರಿಗೆ ಕಣ್ಣಿಡುವ ಕಿಂಡಿ ಇರಲಿ.

ಅಚ್ಚರಿ ಕೊಡಬೇಕೆಂಬ ಆಸೆ ಇಲ್ಲಿ ಅಡ್ಡ ಬರುತ್ತದೆ. ಕ್ಯಾಮೆರಾ ಚಪ್ಪಲಿಯ ಹಾಗೆ, ಅಳತೆ ತಿಳಿಯಲು ಹಾಕಿಯೇ ನೋಡಬೇಕು. ಚಿಕ್ಕ ಬಾಡಿಯಲ್ಲಿ ದೊಡ್ಡ ಕೈಯವರ ಕಿರುಬೆರಳು ಕೆಳಗೆ ಜೋತಾಡುತ್ತದೆ, ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಕನ್ನಡಕದವರಿಗೆ ಕಿಂಡಿಯ ನಾಲ್ಕೂ ಮೂಲೆ ಕಾಣುತ್ತವೆಯೇ ಎಂಬುದು ಕಣ್ಣಿಟ್ಟಾಗಲೇ ಗೊತ್ತಾಗುವುದು. ಸೀಲ್ ಒಡೆದ ಡಬ್ಬವನ್ನು ಅಂಗಡಿಗಳು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಗುಟ್ಟು ಬಿಡಲು ಮನಸ್ಸಿಲ್ಲದಿದ್ದರೆ, ಎರಡು ದಿನಕ್ಕೆ ಬಾಡಿಗೆಗೆ ತಂದು “ಸ್ನೇಹಿತನದು, ಊರಿಗೆ ಒಯ್ಯೋಣ ಅಂತ ತಂದೆ” ಎಂದು ಕೈಗಿಡಿ. ಆ ಸುಳ್ಳಿಗೆ ಪಾಪವಿಲ್ಲ.

ಕೊಳ್ಳುವಾಗ ಡಬ್ಬದ ಹೊರಗೆ ಎಂಆರ್‌ಪಿ, ಆಮದು ಮಾಡಿದವರ ಹೆಸರು ವಿಳಾಸ ಇರುವ ಸ್ಟಿಕ್ಕರ್ ಇದೆಯೇ ನೋಡಿ. ಇದು ಕಾನೂನಿನ ಪ್ರಕಾರ ಇರಲೇಬೇಕು, ಇಲ್ಲದಿದ್ದರೆ ಅದು ಬಹುಮಟ್ಟಿಗೆ ಗ್ರೇ ಮಾರ್ಕೆಟ್ ಮಾಲು, ಅಂದರೆ ಕಂಪನಿಯ ದಾರಿ ಬಿಟ್ಟು ತಂದದ್ದು. ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18 ಶೇಕಡಾಕ್ಕೆ ಇಳಿಯಿತು; ಬಿಲ್ ಬೇಡವೆಂದರೆ ಅಷ್ಟನ್ನೂ ಬಿಡುತ್ತೇನೆ ಎನ್ನುವವರಿದ್ದಾರೆ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಬರಿಗೈಲಿ ಬರುತ್ತೀರಿ. ವಿದೇಶದಲ್ಲಿರುವ ತಮ್ಮನೋ ಭಾವನೋ ತರುತ್ತಾರೆಂದರೂ ಎರಡು ವಿಷಯ ಕೇಳಿಕೊಳ್ಳಿ: ವಾರಂಟಿ ಇಲ್ಲಿ ನಡೆಯುತ್ತದೆಯೇ, ಮೆನು ಇಂಗ್ಲಿಷಿನಲ್ಲಿದೆಯೇ. ಜಪಾನಿನ ಮಾರುಕಟ್ಟೆಗೆಂದೇ ಮಾಡಿದ ಸೋನಿಗಳಲ್ಲಿ ಜಪಾನೀ ಭಾಷೆ ಬಿಟ್ಟು ಬೇರೆ ಇರುವುದಿಲ್ಲ.

ಹಬ್ಬದ ಕಾಂಬೊಗಳಲ್ಲಿ ಪುಕ್ಕಟೆ ಎಂದು ಬರುವ ಟ್ರೈಪಾಡ್ ಗಾಳಿಗೇ ಅಲುಗುತ್ತದೆ, ಅಗ್ಗದ ಯುವಿ ಫಿಲ್ಟರ್ ದೀಪದ ಎದುರು ಹಸಿರು ಚುಕ್ಕೆ ಮೂಡಿಸುತ್ತದೆ. ಅದರ ಬದಲು ವಿ30 ಎಂಬ ವೇಗದ ಗುರುತಿನ 64 ಜಿಬಿ ಕಾರ್ಡ್ ಒಂದು ಕೇಳಿ. 24 ಮೆಗಾಪಿಕ್ಸೆಲ್ ರಾ ಫೈಲುಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಫೈಲುಗಳು) ಅದರಲ್ಲಿ ಸುಮಾರು 2,000 ಹಿಡಿಸುತ್ತವೆ. ಮನೆಗೆ ತಂದ ಮೇಲೆ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಕಲಿ ಕಾರ್ಡು ಮೊದಲ ಕೆಲವು ಜಿಬಿ ಬರೆದು, ಆಮೇಲಿನದನ್ನು ಬರೆದಂತೆ ನಟಿಸುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಕಾರ್ಡ್, ಒಂದು ಟಾರ್ಚ್ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದಾಗ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. ಧೂಳಿನ ಕಣ ಒಂದೆರಡಿದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಬಾಡಿಯ ಮೇಲೆ ಲೆನ್ಸ್ ಹಾಕಿ ಎಫ್/16, ಐಎಸ್‌ಒ 100ರಲ್ಲಿ ಬರಿ ಆಕಾಶದ ಕಡೆ ಒಂದು ಫೋಟೊ ತೆಗೆದು ದೊಡ್ಡದು ಮಾಡಿ. ಮಸುಕು ಚುಕ್ಕೆಗಳು ಸೆನ್ಸರಿನ ಮೇಲಿನ ಧೂಳು, ಗಾಳಿ ಊದುವ ರಬ್ಬರ್ ಬ್ಲೋವರಿಗೆ ಹೋಗುತ್ತವೆ. ಗೆರೆ ಕಂಡರೆ ಗೀರು. ಮೌಂಟಿನ ಸುತ್ತ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಬಹುಶಃ ಬಿದ್ದಿರಬೇಕು. ನಿಕಾನ್‌ನಲ್ಲಿ ಎಷ್ಟು ಸಲ ಶಟರ್ ಹೊಡೆದಿದೆ ಎಂಬುದು ಜೆಪೆಗ್ ಫೈಲಿನ ಮಾಹಿತಿಯಲ್ಲೇ ಸಿಗುತ್ತದೆ; ಡಿ3500ರ ಶಟರನ್ನು 1,00,000 ಸಲಕ್ಕೆ ಪರೀಕ್ಷಿಸಿದ್ದಾರೆ, 20,000 ಆಗಿದ್ದರೆ ಹೆದರಬೇಕಿಲ್ಲ. ಕ್ಯಾನನ್‌ನ ಜೆಪೆಗ್‌ನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ, ಮಾರುವವರ ಬಾಯಿಮಾತನ್ನು ಬಿಟ್ಟು ಗ್ರಿಪ್ಪಿನ ಸವೆತ ನೋಡಿ.

ಉಡುಗೊರೆ ಕಾಗದ ಸುತ್ತುವ ಮೊದಲು ಒಂದು ಗಂಟೆ ಮೀಸಲಿಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ದಿನಾಂಕ ಸಮಯ ಸರಿಮಾಡಿ, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಪ್ರೈಮ್ ಲೆನ್ಸನ್ನೇ ಹಾಕಿಡಿ, ಕಿಟ್ ಲೆನ್ಸ್ ಡಬ್ಬದಲ್ಲಿರಲಿ. ಡಯಲನ್ನು ಶಟರ್ ಪ್ರಯಾರಿಟಿಗೆ ತಿರುಗಿಸಿ (ಕ್ಯಾನನ್‌ನಲ್ಲಿ Tv, ಉಳಿದವರಲ್ಲಿ S ಎಂಬ ಗುರುತು), 1/200 ಇಡಿ, ಐಎಸ್‌ಒ ಆಟೋದಲ್ಲಿಟ್ಟು ಮೇಲಿನ ಮಿತಿ 6400 ಮಾಡಿ. ಕತ್ತಲಾದಂತೆ ಅಪರ್ಚರ್ ತಾನೇ ಪೂರ್ತಿ ತೆರೆಯುತ್ತದೆ, ಮಸುಕಿನ ಕಾಟ ತಪ್ಪುತ್ತದೆ. ಅಪರ್ಚರ್ ಪ್ರಯಾರಿಟಿಯೇ ಕಲಿಸಬೇಕು ಎನ್ನುವ ಪಂಡಿತರ ಮಾತನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಮುಖ ಮತ್ತು ಕಣ್ಣಿನ ಗುರುತಿಸುವಿಕೆ ಇದ್ದರೆ ಹಾಕಿ, ಬೀಪ್ ಸದ್ದು ತೆಗೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ; ಅಗ್ಗದ ಎಲ್‌ಇಡಿ ಕೆಳಗೆ ವಿಡಿಯೊದಲ್ಲಿ ಪಟ್ಟೆ ಹರಿಯುವುದು ಇದರಿಂದಲೇ. ವಿಡಿಯೊ ಪದ್ಧತಿ ಪ್ಯಾಲ್ ಇರಲಿ, 25 ಫ್ರೇಮ್, ಶಟರ್ 1/50. ಫೋಟೊಗಳಲ್ಲಿ ಒಂದು ಬೆಳಗಿ ಒಂದು ಕಪ್ಪಾದರೆ ಆಂಟಿ ಫ್ಲಿಕರ್ ಹಾಕಿ, ಅದು ಇಲ್ಲದ ಬಾಡಿಯಲ್ಲಿ ಶಟರ್ 1/100ಕ್ಕೆ ಇಳಿಸಿ. ಕಿಂಡಿಯ ಪಕ್ಕದ ಸಣ್ಣ ಚಕ್ರವನ್ನು ಮಾತ್ರ ಮುಟ್ಟಬೇಡಿ. ಅದು ಅವರ ಕಣ್ಣಿನ ಪವರಿಗೆ ಅವರೇ ತಿರುಗಿಸಬೇಕಾದದ್ದು. ಫೋನಿಗೆ ಜೋಡಿಸುವ ಆಪ್ ಕೂಡ ಅವರ ಜೊತೆ ಕೂತು ಹಾಕಿಕೊಡಿ.

ಮಡಚುವ ಕಿಟ್ ಲೆನ್ಸ್‌ಗಳ ಬಗ್ಗೆಯೂ ಮುಂಚೆಯೇ ಹೇಳಿ. ಕ್ಯಾನನ್ 18-45, ನಿಕಾನ್ ಝಡ್ 16-50 ಲೆನ್ಸನ್ನು ತಿರುಗಿಸಿ ಬಿಡಿಸದೆ ಆನ್ ಮಾಡಿದರೆ ಕ್ಯಾಮೆರಾ ಫೋಟೊ ತೆಗೆಯದೆ ಎಚ್ಚರಿಕೆ ತೋರಿಸುತ್ತದೆ. ಕೆಟ್ಟುಹೋಗಿದೆ ಎಂದು ಸರ್ವಿಸ್ ಸೆಂಟರಿಗೆ ಓಡಬೇಕಾದ್ದಿಲ್ಲ.

ಉಡುಪಿ, ಮಂಗಳೂರು, ಕೊಡಗು, ಶಿವಮೊಗ್ಗದ ಕಡೆಯವರಾದರೆ ಕ್ಯಾಮೆರಾ ಜೊತೆ ಒಂದು ದೊಡ್ಡ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್, ಒಂದು ಪುಟ್ಟ ಆರ್ದ್ರತೆ ಮಾಪಕ ಕೊಡಲೇಬೇಕು. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಬಿಟ್ಟ ಲೆನ್ಸಿಗೆ ಫಂಗಸ್ ಹಿಡಿಯಲು ಒಂದೇ ಸೀಸನ್ ಸಾಕು, ಚರ್ಮದ ಚೀಲವಾದರೆ ಇನ್ನೂ ಬೇಗ. ಮಾಪಕ 40ರಿಂದ 50 ಶೇಕಡಾ ತೋರಿಸುತ್ತಿರಲಿ, 60 ದಾಟಿದರೆ ಜೆಲ್ ಬಿಸಿಮಾಡುವ ಹೊತ್ತು. ಕಿತ್ತಳೆ ಬಣ್ಣದ ಜೆಲ್ ನೀರು ಕುಡಿದು ಹಸಿರಾಗುತ್ತದೆ, ನೀಲಿಯದು ಗುಲಾಬಿಯಾಗುತ್ತದೆ; ಓವನ್ನಿನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಲೆನ್ಸಿನ ಮೇಲೆ ಧೂಳು ಕೂತರೆ ಮೊದಲು ಬ್ಲೋವರ್, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಸೀರೆ ಸೆರಗು, ಪಂಚೆ ಅಂಚು ದೂರವಿರಲಿ. ಬಾಯಿಂದ ಊದುವುದಂತೂ ಬೇಡವೇ ಬೇಡ, ಎಂಜಲಿನ ಸಣ್ಣ ಹನಿ ಒಣಗಿದಲ್ಲೇ ಮುಂದಿನ ಮಳೆಗೆ ಫಂಗಸ್ ಮೊಳೆಯುತ್ತದೆ.