ಮೂವತ್ತು ಹೆಜ್ಜೆ ಆಚೆ, ಒಂದು ಚೂರು ಕೋಳಿ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ನಾಯಿ ತರಬೇತಿಗೆ ಕರೆ ಬಂದಾಗ ಕೇಳಿಬರುವ ಮೊದಲ ಮಾತು: "ನಮ್ಮ ನಾಯಿ ಬಾಳ ಜೋರು ಸಾರ್, ಯಾರನ್ನೂ ಹತ್ತಿರ ಸೇರಿಸಲ್ಲ." ಗೇಟಿನ ಆಚೆ ಐದು ನಿಮಿಷ ಸುಮ್ಮನೆ ನಿಂತು ನೋಡಿದರೆ ಕಾಣುವುದೇ ಬೇರೆ. ಬೊಗಳುವ ಸದ್ದು ದೊಡ್ಡದು, ಆದರೆ ಮೈಭಾರವೆಲ್ಲ ಹಿಂಗಾಲಿನ ಮೇಲಿದೆ. ಬೊಗಳಿದ ಹಾಗೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದೆ. ಬಾಲ ಹೊಟ್ಟೆಗೆ ಅಂಟಿದೆ, ಕಣ್ಣಂಚಿನ ಬಿಳಿ ಕಾಣುತ್ತಿದೆ, ತಿನ್ನಲು ಏನೂ ಇಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುತ್ತಿದೆ. ಇದು ಜೋರಲ್ಲ, ಭಯ. ಇದನ್ನು ಜೋರು ಅಂದುಕೊಂಡು ಗದರಿಸಿದರೆ, ಸರಪಳಿ ಜಗ್ಗಿದರೆ ಕೆಲಸ ಕೆಡುವುದು ಅಲ್ಲೇ. ಗುರ್ ಅಂದಾಗಲೆಲ್ಲ ಏಟು ತಿಂದ ನಾಯಿ ಗುರ್ ಅನ್ನುವುದನ್ನಷ್ಟೇ ಬಿಡುತ್ತದೆ. ಆಮೇಲೆ ಸದ್ದಿಲ್ಲದೆ ಬಾಯಿ ಹಾಕುತ್ತದೆ.

ತಿಂಡಿ ಕೊಟ್ಟು ಭಯ ಬಿಡಿಸಲು ಬಿಸ್ಕೆಟ್ ಪ್ಯಾಕೆಟ್ ಬಿಚ್ಚುವ ಮೊದಲು ಪಶುವೈದ್ಯರ ಹತ್ತಿರ ಒಮ್ಮೆ ತೋರಿಸಬೇಕು. ಕಿವಿ ಸೋರುತ್ತಿದ್ದರೆ, ಸೊಂಟ ನೋಯುತ್ತಿದ್ದರೆ, ಉಣ್ಣೆ ಕಚ್ಚಿ ಜ್ವರ ಹಿಡಿದಿದ್ದರೆ ಮುಟ್ಟಿಸಿಕೊಳ್ಳದಿರುವುದು ಸಹಜ. ಅದಕ್ಕೆ ತರಬೇತಿಯಿಂದ ಏನೂ ಆಗುವುದಿಲ್ಲ. ನಿನ್ನೆವರೆಗೆ ಸರಿಯಿದ್ದ ನಾಯಿ ಏಕಾಏಕಿ ಮೂಲೆ ಸೇರಿ, ಜೊಲ್ಲು ಸುರಿಸಿ, ನುಂಗಲು ಕಷ್ಟಪಡುತ್ತಿದ್ದರೆ ಅದರ ಬಾಯಿಗೆ ಕೈ ಹಾಕಲೇಬಾರದು. ರೇಬಿಸ್ ಇರಬಹುದು. ಅಂಥ ನಾಯಿ ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಅಸಲು ಕೆಲಸ. ನಾಯಿಗೆ ಭಯ ಹುಟ್ಟಿಸುವುದು ಹೊಸ ಆಳು ಎಂದುಕೊಳ್ಳಿ. ಆ ಆಳನ್ನು ಕಣದ ಆ ತುದಿಯಲ್ಲಿ ನಿಲ್ಲಿಸಿ, ನಾಯಿ ಈ ತುದಿಯಲ್ಲಿರಲಿ. ಬೇಯಿಸಿದ ಕೋಳಿ ಅಥವಾ ಲಿವರ್ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿಟ್ಟುಕೊಳ್ಳಿ, ಈರುಳ್ಳಿ, ಮಸಾಲೆ ಬೇಡ. ನಾಯಿ ಆಳನ್ನು ನೋಡುತ್ತದೆ, ಚೂರು ಬೀಳುತ್ತದೆ, ತಿಂದು ಮತ್ತೆ ನೋಡುತ್ತದೆ. ತಿಂದರೆ ದೂರ ಸರಿಯಿದೆ ಎಂದರ್ಥ. ಮೂಸಿ ಬಿಟ್ಟರೆ, ಇಲ್ಲವೇ ಬೆರಳಿಗೂ ಹಲ್ಲು ತಾಗುವಂತೆ ಕಿತ್ತುಕೊಂಡರೆ ಹತ್ತಿರವಾಯಿತು, ಹತ್ತು ಹೆಜ್ಜೆ ಹಿಂದೆ ಬನ್ನಿ. ಮೂವತ್ತು ಹೆಜ್ಜೆ ಬೇಕಾದರೆ ಮೂವತ್ತೇ ಇರಲಿ. ಹತ್ತು ಹದಿನೈದು ಚೂರು, ಮೂರರಿಂದ ಐದು ನಿಮಿಷ, ಅಷ್ಟಕ್ಕೇ ನಿಲ್ಲಿಸಿ. ಮೂರು ದಿನ ಸಲೀಸಾಗಿ ತಿಂದ ಮೇಲೆ ಎರಡು ಹೆಜ್ಜೆ ಮುಂದೆ.

ಎಡವುವುದು ಹೆಚ್ಚಾಗಿ ಅನುಕ್ರಮದಲ್ಲಿ. ಮೊದಲು ಆಳು ಕಾಣಬೇಕು, ಆಮೇಲೆ ಕೋಳಿ ಬರಬೇಕು. ಕೈ ಮೊದಲು ಚೀಲಕ್ಕೆ ಹೋಗಿ ಆಳು ಆಮೇಲೆ ಬಂದರೆ ನಾಯಿ ಕಲಿಯುವುದು ತಿರುಗುಮುರುಗು: ಕೋಳಿಯ ವಾಸನೆ ಬಂತು, ಇನ್ನು ಯಾರೋ ಬರುತ್ತಾರೆ. ಕೆಲವು ನಾಯಿಗಳು ತಿಂಡಿ ಡಬ್ಬ ಕಂಡರೇ ಮಂಚದಡಿ ಸೇರುವುದಕ್ಕೆ ಕಾರಣ ಇದೇ.

ನೆಂಟರ ಕೈಗೆ ಬಿಸ್ಕೆಟ್ ಕೊಟ್ಟು "ನೀವೇ ತಿನ್ನಿಸಿ, ಸರಿಹೋಗ್ತದೆ" ಅನ್ನುವುದು ನಮ್ಮ ಕಡೆಯ ರೂಢಿ. ಹಸಿದ ನಾಯಿ ಕತ್ತು ಉದ್ದ ಮಾಡಿ, ಹಿಂಗಾಲು ಅಲ್ಲೇ ಬಿಟ್ಟು, ಮೈಯನ್ನು ರಬ್ಬರಿನಂತೆ ಎಳೆದು ಬಿಸ್ಕೆಟ್ ಕಚ್ಚುತ್ತದೆ. ಬಿಸ್ಕೆಟ್ ಮುಗಿದ ಕ್ಷಣ ಕಣ್ಣೆತ್ತಿದರೆ ಎದುರಿಗೇ ಅಪರಿಚಿತ ಮುಖ, ಜೊತೆಗೆ ತಲೆ ಸವರಲು ಬರುತ್ತಿರುವ ಕೈ. ಕಚ್ಚುವುದು ಆಗ. ಇದರ ಬದಲು ನೆಂಟರು ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಕುಳಿತು, ಚೂರನ್ನು ನಾಯಿಯ ಬೆನ್ನ ಹಿಂದಕ್ಕೆ ಎಸೆಯಲಿ. ತಿನ್ನಲು ಅದು ದೂರ ಹೋಗುತ್ತದೆ, ಬೇಕೆನಿಸಿದರೆ ತಾನೇ ವಾಪಸ್ ಬರುತ್ತದೆ. ಹತ್ತಿರ ಬಂದಿದ್ದಕ್ಕೆ ಸಿಗುವ ಬಹುಮಾನ ದೂರ ಹೋಗುವ ಅವಕಾಶ.

ಕುತ್ತಿಗೆ ಪಟ್ಟಿ ಒಂದನ್ನೇ ನಂಬಿ ರಸ್ತೆಗೆ ಇಳಿಯಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ಕತ್ತಿಗಿಂತ ತಲೆ ಸಣ್ಣಗಿರುವ ಮುಧೋಳ ನಾಯಿಯಲ್ಲಂತೂ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ. ಎದೆಗೆ ಹಾಕುವ ಹಾರ್ನೆಸ್ ಒಂದು, ಪಟ್ಟಿ ಒಂದು, ಎರಡಕ್ಕೂ ಹಗ್ಗವಿರಲಿ, ಉದ್ದ ಎರಡರಿಂದ ಮೂರು ಮೀಟರ್. ಎಳೆದಷ್ಟೂ ಉದ್ದವಾಗುವ ಪ್ಲಾಸ್ಟಿಕ್ ಹಿಡಿಯ ಹಗ್ಗ ಬೇಡವೇ ಬೇಡ. ಕೈಜಾರಿದರೆ ಆ ಹಿಡಿ ಟಾರು ರಸ್ತೆಯಲ್ಲಿ ಕಟಕಟ ಸದ್ದು ಮಾಡುತ್ತ ನಾಯಿಯ ಹಿಂದೆಯೇ ಬರುತ್ತದೆ. ಅದು ಓಡಿದಷ್ಟೂ ಭೂತ ಅಟ್ಟಿಸಿಕೊಂಡು ಬಂದ ಹಾಗೆ.

ಸದ್ದಿನ ಭಯಕ್ಕೆ ನಮ್ಮಲ್ಲಿ ದೀಪಾವಳಿಯೊಂದೇ ಕಾರಣವಲ್ಲ. ಸಕಲೇಶಪುರ, ಆಲೂರಿನ ಕಡೆ ಆನೆ ಓಡಿಸಲು ವರ್ಷವಿಡೀ ಪಟಾಕಿ, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಗುಡುಗು. ಗುಡುಗಿಗೆ ಜನವರಿಯಲ್ಲೇ ಶುರು ಮಾಡಬೇಕು. ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಹಾಕಿ ಉಪಯೋಗವಿಲ್ಲ, ಆ ಪುಟ್ಟ ಸ್ಪೀಕರಿಗೆ ಗುಡುಗಿನ ತಳದ ಗುಡುಗುಡು ಬರುವುದಿಲ್ಲ. ದೊಡ್ಡ ಸ್ಪೀಕರ್ ಬೇಕು. ಕಿವಿ ತುಸು ತಿರುಗಿ ಮತ್ತೆ ಮೊದಲಿನಂತಾಗುವಷ್ಟು ಮೆಲ್ಲಗಿನ ಸದ್ದು, ಅದರ ಬೆನ್ನಿಗೇ ಕೋಳಿ. ನಿಜವಾದ ಗುಡುಗು ಬಂದ ದಿನ ಪಾಠವಿಲ್ಲ. ಕಿಟಕಿ ಕಡಿಮೆಯಿರುವ ಒಳಕೋಣೆ, ಜೋರಾಗಿ ತಿರುಗುವ ಫ್ಯಾನು, ಪಕ್ಕದಲ್ಲಿ ಮನೆಯವರು, ಅಷ್ಟೇ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಒರಗಿಕೊಂಡು ಬಂದರೆ ಬೆನ್ನು ಸವರಿ.

ಔಷಧಿ ಬೇಕಾದೀತು, ಅದರಲ್ಲಿ ನಾಚಿಕೆಯೇನಿಲ್ಲ, ಆದರೆ ಡೋಸು ಹೇಳಬೇಕಾದವರು ವೈದ್ಯರು. ಮಂಪರು ಬರಿಸುವ ಏಸ್‌ಪ್ರೊಮಜಿನ್ ಒಂದನ್ನೇ ಕೊಟ್ಟರೆ ನಾಯಿ ಕದಲದೆ ಬಿದ್ದಿರುತ್ತದೆ, ಭಯ ಮಾತ್ರ ಹಾಗೇ ಇರುತ್ತದೆ. ಮನೆಯವರಿಗೆ ಆರಾಮ, ನಾಯಿಗಲ್ಲ.

ಮಲೆನಾಡಿನ ಮನೆಗಳಿಗೆ ಇನ್ನೊಂದು ಮಾತು. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಗೆ ಚಿರತೆಯ ವಾಸನೆ ಬಂದರೂ ಓಡುವ ದಾರಿಯಿಲ್ಲ. ಹಗಲಿಡೀ ಮಾಡಿದ ಕೆಲಸವನ್ನು ಅಂಥ ಒಂದು ರಾತ್ರಿ ತೊಳೆದುಹಾಕುತ್ತದೆ. ಒಳಗೆ ಮಲಗಿಸಿ, ಇಲ್ಲದಿದ್ದರೆ ಮಾಡಿಗೂ ಜಾಲರಿ ಹಾಕಿ ಚಿಲಕವಿರುವ ಗೂಡು ಮಾಡಿಸಿ.

ಮೂರರಿಂದ ಹದಿನಾಲ್ಕು ವಾರದ ವಯಸ್ಸಿನಲ್ಲಿ ತೋಟದ ನಾಲ್ಕು ಮುಖ ಬಿಟ್ಟು ಬೇರೆ ಯಾರನ್ನೂ ನೋಡದ ಮರಿ ದೊಡ್ಡದಾದ ಮೇಲೆ ಪೇಟೆಯಲ್ಲಿ ಹಾಯಾಗಿ ತಿರುಗೀತೆಂದು ಯಾರಿಗೂ ಮಾತು ಕೊಡಬಾರದು. ಮನೆಯವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಮೂರು ಕಾಲಂ ಗೀರಿಸಿ: ಎಷ್ಟು ಹೆಜ್ಜೆ ದೂರ, ತಿಂದಿತೋ ಇಲ್ಲವೋ, ಬೆಚ್ಚಿದ ಮೇಲೆ ಮತ್ತೆ ತಿನ್ನಲು ಎಷ್ಟು ಸೆಕೆಂಡ್. ಮೊದಲು ಬದಲಾಗುವುದು ಸಾಮಾನ್ಯವಾಗಿ ಮೂರನೆಯ ಕಾಲಂ. ಬೊಗಳು ಹಾಗೇ ಇದ್ದರೂ ತೊಂಬತ್ತು ಸೆಕೆಂಡ್ ಇದ್ದದ್ದು ನಲವತ್ತಕ್ಕೆ ಇಳಿದಿದ್ದರೆ ದೂರವನ್ನು ಬದಲಿಸದೆ ಅಲ್ಲೇ ಇನ್ನೊಂದು ವಾರ ನಡೆಸಿ.