‘ಸರ, ಬಿಫೋರ್ ಹಾಕೀನಿ, ಕಾಣವಲ್ದು!’

ಕಲಬುರಗಿಯಲ್ಲಿ ವೆಬ್‌ಸೈಟ್ ಮಾಡಿಕೊಡುವುದು, ಸಂಜೆ ನಾಲ್ಕಾರು ಹುಡುಗರಿಗೆ ಅದನ್ನೇ ಕಲಿಸುವುದು ನನ್ನ ಕಸುಬು. ವಾರಕ್ಕೊಬ್ಬರಾದರೂ ಲ್ಯಾಪ್‌ಟಾಪ್ ಹಿಡಿದು ಬಂದು ಕೇಳುವ ಪ್ರಶ್ನೆ ಇದು. ಪುಟದ ಬಣ್ಣ, ಅಳತೆ ಹೇಳುವ ಸಿಎಸ್‌ಎಸ್‌ನಲ್ಲಿ ಬಿಫೋರ್, ಆಫ್ಟರ್ ಅಂತ ಸುಡೋ ಎಲಿಮೆಂಟ್‌ಗಳು, ಅಂದರೆ ಹುಸಿ ತುಣುಕುಗಳು, ಇವೆಯಲ್ಲ, ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್ ಮುಟ್ಟದೆ ಒಂದು ಚುಕ್ಕಿ, ಒಂದು ಗೆರೆ ಮೂಡಿಸಲಿಕ್ಕೆ? ಅವು ಪುಟದಲ್ಲಿ ಯಾಕೆ ಕಾಣುವುದಿಲ್ಲ?

ನಾನು ತಿರುಗಿ ಕೇಳುವುದು ಒಂದೇ: ‘ಹುಟ್ಟೇ ಇಲ್ಲೇನು, ಇಲ್ಲಾ ಹುಟ್ಟಿ ಎಲ್ಲರೆ ಅಡಗ್ಯಾದೇನು?’

ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆಯಿರಿ. ಆ ಎಲಿಮೆಂಟಿನೊಳಗೆ ಡಬಲ್ ಕೋಲನ್ ಹಚ್ಚಿದ ಬಿಫೋರ್ ಕಂಡರೆ ಹುಟ್ಟಿದೆ. ಕಾಣದಿದ್ದರೆ ಬಣ್ಣ, ಅಗಲ ತಿದ್ದುತ್ತ ಕೂರುವುದು ಬಿತ್ತದ ಹೊಲಕ್ಕೆ ಗೊಬ್ಬರ ಹಾಕಿದಂತೆ.

ಹುಟ್ಟದಿರಲು ಮುಖ್ಯ ಕಾರಣ ಕಂಟೆಂಟ್ ಎಂಬ ಸಾಲು ಇಲ್ಲದಿರುವುದು. ತೋರಿಸಲು ಅಕ್ಷರ ಏನೂ ಇಲ್ಲದಿದ್ದರೂ ಖಾಲಿ ಉಲ್ಲೇಖ ಚಿಹ್ನೆ ಕೊಡಲೇಬೇಕು. ಒಬ್ಬ ಹುಡುಗ ಅದನ್ನೂ ಕೊಟ್ಟಿದ್ದ, ಆದರೂ ಹುಟ್ಟಿರಲಿಲ್ಲ. ಅರ್ಧ ಗಂಟೆ ನೋಡಿದ ಮೇಲೆ ತಿಳಿಯಿತು: ಯಾರದೋ ನೋಟ್ಸಿನಿಂದ ಕಾಪಿ ಮಾಡಿದ್ದ, ಚಿಹ್ನೆಗಳು ನೆಟ್ಟಗಿರದೆ ಬಾಗಿದ್ದವು. ಬ್ರೌಸರ್ ಅಂಥ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇಮೇಜ್, ಇನ್‌ಪುಟ್ ಟ್ಯಾಗಿಗೆ ಬಿಫೋರ್ ಹಚ್ಚಿದರೆ ನೆಚ್ಚುವ ಹಾಗಿಲ್ಲ. ಹೊರಗೊಂದು ಡಿವ್ ಎಂಬ ಡಬ್ಬಿ ಸುತ್ತಿ ಅದಕ್ಕೆ ಹಚ್ಚಿ. ಕೋಲನ್ ಒಂದೋ ಎರಡೋ ಅಂತ ಜಗಳ ಬೇಡ. 1998ರ ಸಿಎಸ್‌ಎಸ್ 2ರಲ್ಲಿ ಒಂದೇ ಇತ್ತು, ಬಿಫೋರ್ ಆಫ್ಟರ್‌ಗೆ ಇಂದಿಗೂ ನಡೆಯುತ್ತದೆ.

ಇನ್ನು ಹುಟ್ಟಿ ಅಡಗಿದ್ದು. ಇಲ್ಲಿಯ ಒಂದು ದಾಲ್ ಮಿಲ್ಲಿನ ಪುಟದಲ್ಲಿ ಐದು ನಮೂನೆ ಬೇಳೆಯ ಹೆಸರಿನ ಮುಂದೆ ತೊಗರಿಬೇಳೆ ಬಣ್ಣದ ಚುಕ್ಕಿ ಬೇಕಿತ್ತು. 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರ ಬರೆದೆ. ಏನೂ ಇಲ್ಲ. ಬಿಫೋರ್ ಇನ್‌ಲೈನ್ ಆಗಿ, ಅಂದರೆ ಸಾಲಿನ ಅಕ್ಷರದ ಹಾಗೆ, ಹುಟ್ಟುತ್ತದೆ, ಇನ್‌ಲೈನಿಗೆ ಅಗಲ ಎತ್ತರ ತಾಗುವುದಿಲ್ಲ. ಇನ್‌ಲೈನ್-ಬ್ಲಾಕ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಜಾಣತನ ಮಾಡಿ ಪೊಸಿಷನ್ ಆಬ್ಸಲ್ಯೂಟ್ ಕೊಟ್ಟು, ಲೆಫ್ಟ್, ಟಾಪ್ ಎರಡಕ್ಕೂ ಸೊನ್ನೆ ಬರೆದೆ. ಪಟ್ಟಿಯಲ್ಲಿ ಆಗಲೂ ಚುಕ್ಕಿ ಇಲ್ಲ. ಪುಟದ ಮೇಲಿನ ಎಡಮೂಲೆಯಲ್ಲಿ, ಲೋಗೋ ಪಕ್ಕ, ಒಂದೇ ಒಂದು ಹಳದಿ ಚುಕ್ಕಿ. ಪರದೆಗೆ ಬೇಳೆಯ ಧೂಳು ಹತ್ತಿದೆ ಅಂದುಕೊಂಡು ಬೆರಳಿನಿಂದ ಒರೆಸಿದೆ ಕೂಡ! ಐದೂ ಚುಕ್ಕಿ ಅಲ್ಲಿ ಒಂದರ ಮೇಲೊಂದು ಕೂತಿದ್ದವು: ಆಬ್ಸಲ್ಯೂಟ್ ಆದದ್ದು ತನ್ನ ಸಾಲಿಗೆ ಪೊಸಿಷನ್ ಕೊಡದಿದ್ದರೆ ಪುಟದ ಮೂಲೆಯಿಂದ ಅಳೆಯುತ್ತದೆ. ಪಟ್ಟಿಯ ಒಂದೊಂದು ಸಾಲಿಗೂ ಪೊಸಿಷನ್ ರಿಲೇಟಿವ್ ಕೊಟ್ಟ ಕೂಡಲೇ ತಂತಮ್ಮ ಮನೆಗೆ ಬಂದವು.

ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳುವ ಜೆಡ್-ಇಂಡೆಕ್ಸ್‌ಗೆ ಮೈನಸ್ 1 ಕೊಟ್ಟವರದು ಬೇರೆ ಕಥೆ: ಚುಕ್ಕಿ ತಂದೆಯ, ಅಂದರೆ ಅದನ್ನು ಹೊತ್ತ ಎಲಿಮೆಂಟಿನ, ಹಿನ್ನೆಲೆ ಬಣ್ಣದ ಹಿಂದೆ ಹೋಗಿರುತ್ತದೆ. ತಂದೆಗೆ ಐಸೊಲೇಷನ್: ಐಸೊಲೇಟ್ ಕೊಡಿ, ಆಗ ಅದರ ಹಿನ್ನೆಲೆಯ ಹಿಂದೆ ಹೋಗುವುದಿಲ್ಲ.

ಕನ್ನಡ ಪುಟ ಮಾಡುವವರಿಗೆ ಬರುವ ಇನ್ನೊಂದು ತಂಟೆ, ಮೊದಲಕ್ಷರಕ್ಕೆ ಬೇರೆ ರೂಪ ಕೊಡುವ ಸುಡೋ ಎಲಿಮೆಂಟ್ ಫಸ್ಟ್-ಲೆಟರ್‌ನದು. ನಮ್ಮಲ್ಲಿ ಅಂಗಡಿ, ಮಿಲ್ಲುಗಳ ಹೆಸರು ಶುರುವಾಗುವುದೇ ‘ಶ್ರೀ’ಯಿಂದ. ಮೊದಲಕ್ಷರ ದೊಡ್ಡದು ಮಾಡಲು ಹೋದರೆ ‘ಶ್’ ಒಂದು ಕಡೆ, ‘ರೀ’ ಒಂದು ಕಡೆ ಒಡೆಯಬಹುದು. ಅಲ್ಲಿ ನಾನು ಸುಡೋ ಎಲಿಮೆಂಟಿನ ಗೊಡವೆಗೇ ಹೋಗದೆ ‘ಶ್ರೀ’ಗೆ ಸ್ಪ್ಯಾನ್ ಎಂಬ ಟ್ಯಾಗ್ ಸುತ್ತುತ್ತೇನೆ. ಸಾಹುಕಾರರಿಗೆ ಅವರ ‘ಶ್ರೀ’ ಇಡಿಯಾಗಿ ಬೇಕು.